ಹಾಡುವವರು, ಹೇಳುವವರು: ಆಲ್ಟ್ ಕಂಟ್ರಿ ಮತ್ತು ಸ್ಪೋಕನ್ ವರ್ಡ್ ಹಿರಿಯರ ಹೊಸ ರೆಕಾರ್ಡ್, ಮರುಬಿಡುಗಡೆ

ಸೂಜಿಮೊನೆ:
ಎಲ್ಲರಿಗೂ ನಮಸ್ಕಾರ. ಆಲ್ಟ್ ಕಂಟ್ರಿ (ಅಮೆರಿಕದ ಕಂಟ್ರಿ ಹಾಡಿಗೆ ರಾಕ್ ಬೆರೆಸಿದ ಪಂಥ) ಹಿರಿಯರ ಹಳೇ ರೆಕಾರ್ಡ್‌ಗಳು ಒಂದರ ಹಿಂದೆ ಒಂದು ಮತ್ತೆ ಬರುತ್ತಿವೆ. ಕವಿತೆ, ಕಥೆಗಳನ್ನು ಮಾತಲ್ಲೇ ರೆಕಾರ್ಡ್ ಮಾಡಿದ ಸ್ಪೋಕನ್ ವರ್ಡ್‌ನವರದ್ದೂ ಅಷ್ಟೇ. ಇವೆರಡನ್ನೂ ಬೇರೆ ಬೇರೆ ಇಟ್ಟು ಮಾತಾಡೋದು ನನಗೆ ಯಾಕೋ ಸರಿ ಅನ್ನಿಸುವುದಿಲ್ಲ. ಕಂಟ್ರಿ ಹಾಡಿನ ಜೀವ ಇರೋದೇ ಕಥೆ ಹೇಳೋದರಲ್ಲಿ. ಅದಕ್ಕೇ ಎರಡನ್ನೂ ಇಲ್ಲೇ ಮಾತಾಡೋಣ ಅಂತ ಶುರು ಮಾಡಿದ್ದೇನೆ.

ಮೊದಲ ಹೆಸರು ಟೆರಿ ಆಲನ್. 1943ರಲ್ಲಿ ಹುಟ್ಟಿದವರು, ಬೆಳೆದದ್ದು ಟೆಕ್ಸಾಸ್‌ನ ಲಬಕ್‌ನಲ್ಲಿ. ಚಿತ್ರಕಲಾವಿದರೂ ಹೌದು, ಹಾಡುಗಾರರೂ ಹೌದು. 1975ರ 'ಹ್ವಾರೆಸ್' ಮೊದಲು ಹೊರಬಂದದ್ದು ಶಿಕಾಗೋದ ಒಂದು ಕಲಾಮುದ್ರಣ ಸಂಸ್ಥೆಯಿಂದ, ಅವರದೇ ಲಿಥೋಗ್ರಾಫ್ (ಕಲ್ಲಚ್ಚಿನ) ಚಿತ್ರಗಳ ಜೊತೆಗೆ. ರೆಕಾರ್ಡ್ ಅಂಗಡಿಗೆ ಹೋಗುವವರ ಕೈಗೆ ಅದು ಸುಲಭಕ್ಕೆ ಸಿಗುವಂತೆಯೇ ಇರಲಿಲ್ಲ. ನಾಲ್ಕು ಪಾತ್ರಗಳ ಕಥೆ ಅದು. ರಜೆಯ ಮೇಲೆ ಬಂದ ನೌಕಾಪಡೆಯ ಹುಡುಗ ಮೆಕ್ಸಿಕೋ ಗಡಿಯ ಟಿಹ್ವಾನಾದ ಬಾರಿನಲ್ಲಿ ಸ್ಪ್ಯಾನಿಷ್ ಆಲಿಸ್ ಅನ್ನೋ ಹೆಂಗಸನ್ನು ನೋಡುತ್ತಾನೆ. ಮದುವೆ ಆಗಿ ಇಬ್ಬರೂ ಕೊಲರಾಡೋದ ಒಂದು ಟ್ರೇಲರ್ ಮನೆಗೆ ಹೋಗುತ್ತಾರೆ. ಅಲ್ಲಿಗೆ ಇನ್ನೊಂದು ಜೋಡಿ ಬರುತ್ತದೆ. ಕೊಲೆಯಾಗುತ್ತದೆ. ಉಳಿದಿಬ್ಬರು ಗಡಿ ದಾಟಿ ಓಡುತ್ತಾರೆ. ಇಷ್ಟೇ. ಆದರೆ ಆಲನ್ ಈ ಕಥೆಯನ್ನು ಮೊದಲೇ ಬಿಚ್ಚಿ ಹೇಳಿಬಿಡುತ್ತಾರೆ. ಆಮೇಲೆ ಹಾಡು ಹಾಡುತ್ತಾ ಮತ್ತೆ ಮತ್ತೆ ಅದರೊಳಕ್ಕೆ ಹೋಗುತ್ತಾರೆ. ಪಿಯಾನೋವನ್ನು ಗುದ್ದಿದ ಹಾಗೆ ನುಡಿಸುತ್ತಾರೆ. ಹಾಡು ಎಲ್ಲಿ ನಿಂತಿತು, ಮಾತು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋಕೆ ಆಗೋದಿಲ್ಲ.

ಉತ್ತರ ಕೆರೊಲಿನಾದ ಪ್ಯಾರಡೈಸ್ ಆಫ್ ಬ್ಯಾಚುಲರ್ಸ್ ಅನ್ನೋ ಪುಟ್ಟ ಲೇಬಲ್ (ರೆಕಾರ್ಡ್ ಕಂಪನಿ) 2016ರಲ್ಲಿ ಇದನ್ನೂ, 1979ರ 'ಲಬಕ್ (ಆನ್ ಎವೆರಿಥಿಂಗ್)' ಜೋಡಿ ಎಲ್‌ಪಿಯನ್ನೂ ಮತ್ತೆ ತಂದಿತು. 2022ರಲ್ಲಿ 'ಸ್ಮೋಕಿನ್ ದ ಡಮ್ಮಿ' ಮತ್ತು 'ಬ್ಲಡ್‌ಲೈನ್ಸ್' ಬಂದವು. ಈ ನಡುವೆ 2020ರಲ್ಲಿ 'ಜಸ್ಟ್ ಲೈಕ್ ಮೋಬಿ ಡಿಕ್' ಅನ್ನೋ ಹೊಸ ಆಲ್ಬಮ್ಮನ್ನೂ ಅದೇ ಲೇಬಲ್ ಹೊರತಂದಿತು. ನನಗೆ ಇವೆಲ್ಲಕ್ಕಿಂತ ದೊಡ್ಡದು 2019ರ 'ಪೆಡಲ್ ಸ್ಟೀಲ್ + ಫೋರ್ ಕಾರ್ನರ್ಸ್'. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ನಿಮ್ಮ ಕಪಾಟಿನಲ್ಲಿ ಏನಿದೆ ಹೇಳಿ.

ಜಯನಗರದ ಕೇಳುಗ:
ಒಳ್ಳೇ ಎಳೆ ಸಾರ್. ನೀವು ಹೇಳಿದ ಗೆರೆಯ ಮಾತಿಗೆ ನನ್ನ ಕಡೆಯಿಂದ ಒಂದು ಉದಾಹರಣೆ. ಅಮೆರಿಕದ ಕವಿ, ಹಾಡುಗಾರ ಗಿಲ್ ಸ್ಕಾಟ್-ಹೆರನ್ ಅವರ 'ಐಯಾಮ್ ನ್ಯೂ ಹಿಯರ್'. 2010ರಲ್ಲಿ ಬಂತು, 2020ರಲ್ಲಿ ಹತ್ತು ವರ್ಷದ ನೆನಪಿಗೆ ಇನ್ನಷ್ಟು ತುಣುಕು ಸೇರಿಸಿ ಮತ್ತೆ ತಂದರು.

ಗಿಲ್ ಶುರು ಮಾಡಿದ್ದೇ ಕವಿತೆ ಓದಿ. 1970ರ ಮೊದಲ ರೆಕಾರ್ಡ್ 'ಸ್ಮಾಲ್ ಟಾಕ್ ಅಟ್ 125ತ್ ಆಂಡ್ ಲೆನಾಕ್ಸ್'ನಲ್ಲಿ ಹೆಚ್ಚಿನ ಕಡೆ ಅವರ ದನಿ ಮತ್ತು ಕೈಯಲ್ಲಿ ಬಾರಿಸುವ ಡ್ರಮ್ ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ದೊಡ್ಡ ಹೆಸರು ಬಂತು. ಕೊನೆಗೆ ಮಾದಕವಸ್ತು, ಜೈಲು. ಲಂಡನ್ನಿನ ಎಕ್ಸ್‌ಎಲ್ ಲೇಬಲ್ಲಿನ ರಿಚರ್ಡ್ ರಸೆಲ್ ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಜೈಲಿಗೇ ಹೋಗಿ ಅವರನ್ನು ಭೇಟಿಯಾಗಿ, ರೆಕಾರ್ಡ್ ಮಾಡೋಣ ಅಂದರು. ಬಂದದ್ದು ಅರ್ಧ ಗಂಟೆಯೂ ಇಲ್ಲದ ಆಲ್ಬಮ್. ಮೊದಲೂ ಕೊನೆಗೂ ತನ್ನನ್ನು ಸಾಕಿದ ಅಜ್ಜಿ ಲಿಲಿ ಸ್ಕಾಟ್ ಬಗ್ಗೆ ಕವಿತೆ. ಟೆನೆಸ್ಸಿಯ ಜಾಕ್ಸನ್ ಊರಿನ ಅಜ್ಜಿ. ಓದುವಾಗ ದನಿ ಒಡೆದಿದೆ, ಆದರೆ ತಡವರಿಸೋದಿಲ್ಲ.

ಇಲ್ಲಿ ಗಮನಿಸಬೇಕಾದ್ದು ಆಲ್ಬಮ್ಮಿನ ಹೆಸರಿನ ಹಾಡು. ಅದು ಗಿಲ್ ಬರೆದದ್ದಲ್ಲ. ಸ್ಮಾಗ್ ಅನ್ನೋ ಹೆಸರಲ್ಲಿ ಹಾಡುತ್ತಿದ್ದ ಬಿಲ್ ಕ್ಯಾಲಹನ್ ಬರೆದದ್ದು. 2005ರ ಆ ಸ್ಮಾಗ್ ಆಲ್ಬಮ್ ರೆಕಾರ್ಡ್ ಆದದ್ದು ಟೆಕ್ಸಾಸ್‌ನ ಕಂಟ್ರಿ ಹಾಡುಗಾರ ವಿಲ್ಲಿ ನೆಲ್ಸನ್ ಸ್ಟುಡಿಯೋದಲ್ಲಿ! ಕ್ಯಾಲಹನ್ ಅದನ್ನು ಹಾಡುವಾಗಲೂ ಅರ್ಧ ಮಾತೇ. ಗಿಲ್ ಅದನ್ನು ಇನ್ನೂ ಮಾತಿನ ಹತ್ತಿರ ತಂದರು. ನ್ಯೂಯಾರ್ಕಿನ ಹಾರ್ಲೆಂ ಬೀದಿಯ ಕವಿತೆಗೂ ಟೆಕ್ಸಾಸ್ ಹಾಡಿಗೂ ಅಲ್ಲೊಂದು ಬಾಗಿಲು ತೆರೆಯಿತು. 2011ರ ಮೇ ತಿಂಗಳಲ್ಲಿ ಗಿಲ್ ತೀರಿಕೊಂಡರು.

ಆಸ್ಟಿನ್ ಕನ್ನಡತಿ:
ಟೆಕ್ಸಾಸ್ ಮಾತು ಬಂತಲ್ಲ, ಸುಮ್ನೆ ಇರೋಕಾಗಲಿಲ್ಲ. ನಾನು ಹಾಡುಗಾರ್ತಿ ಲೂಸಿಂಡಾ ವಿಲಿಯಮ್ಸ್ ಹೆಸರು ಸೇರಿಸುತ್ತೇನೆ. 2020ರ ನವೆಂಬರ್‌ನಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಗಿಟಾರ್ ಹಿಡಿಯೋಕೆ ಆಗದ ಸ್ಥಿತಿ. 2023ರಲ್ಲಿ 'ಸ್ಟೋರೀಸ್ ಫ್ರಮ್ ಎ ರಾಕ್ ಎನ್ ರೋಲ್ ಹಾರ್ಟ್' ಬಂತು. ಗಿಟಾರ್ ಇಲ್ಲದೆ ಹಾಡು ಕಟ್ಟಬೇಕಾದಾಗ ಬೇರೆಯವರ ಜೊತೆ ಕೂತು ಬರೆದರು. ಸ್ಪ್ರಿಂಗ್‌ಸ್ಟೀನ್ ಮತ್ತು ಪ್ಯಾಟಿ ಸ್ಕಿಯಾಲ್ಫಾ ಹಿಂದೆ ನಿಂತು ದನಿ ಕೊಟ್ಟಿದ್ದಾರೆ. ಆದರೆ ಕೇಳಬೇಕಾದ್ದು ಲೂಸಿಂಡಾ ಅವರ ನಾಲಿಗೆ. ಅಕ್ಷರಗಳನ್ನು ಎಳೆದು, ಸಾಲಿನ ಕೊನೆಯನ್ನು ಬೇಕಂತಲೇ ತಡ ಮಾಡುತ್ತಾರೆ. ಅದು ಮೊದಲಿಂದಲೂ ಇತ್ತು. ಈಗ ಪ್ರತಿ ಪದಕ್ಕೂ ತೂಕ ಜಾಸ್ತಿ ಆಗಿದೆ.

ಕವಿತೆಯ ನಂಟೂ ಇದೆ. ಅವರ ಅಪ್ಪ ಮಿಲ್ಲರ್ ವಿಲಿಯಮ್ಸ್ ಕವಿ. 1997ರಲ್ಲಿ ಕ್ಲಿಂಟನ್ ಎರಡನೇ ಸಲ ಪ್ರಮಾಣವಚನ ಮಾಡಿದಾಗ ಕವಿತೆ ಓದಿದವರು ಅವರೇ. ಅಪ್ಪನ 'ಕಂಪ್ಯಾಷನ್' ಅನ್ನೋ ಪುಟ್ಟ ಕವಿತೆಯನ್ನು ಮಗಳು 2014ರ ಜೋಡಿ ಆಲ್ಬಮ್ಮಿನ ಮೊದಲ ಹಾಡು ಮಾಡಿಕೊಂಡರು. ಆಲ್ಬಮ್ಮಿನ ಹೆಸರೂ ಆ ಕವಿತೆಯಿಂದಲೇ ಬಂದದ್ದು. ಬರೀ ಗಿಟಾರ್ ಮತ್ತು ದನಿ. 2015ರ ಜನವರಿ 1ಕ್ಕೆ ಅಪ್ಪ ಹೋದರು. ಕಂಟ್ರಿ ಹಾಡುಗಾರ ಹ್ಯಾಂಕ್ ವಿಲಿಯಮ್ಸ್ ಹೋದದ್ದು 1953ರ ಜನವರಿ 1, ಟೆಕ್ಸಾಸ್ ಹಾಡುಗಾರ ಟೌನ್ಸ್ ವ್ಯಾನ್ ಜಾಂಡ್ಟ್ 1997ರ ಜನವರಿ 1. ಈ ಹಾಡುಗಳ ಲೋಕದಲ್ಲಿ ಆ ದಿನಕ್ಕೆ ಬೇರೆಯೇ ಭಾರ ಇದೆ.

ರಾತ್ರಿಪಾಳಿ:
ಎಲ್ಲರ ಮಾತೂ ಒಪ್ಪುತ್ತೇನೆ. ಆದರೆ ಒಂದು ತಕರಾರು. ಮರುಬಿಡುಗಡೆ ಅನ್ನೋದೀಗ ಜಾಸ್ತಿ ಆಗಿಲ್ವಾ? ಅಂಕಲ್ ಟ್ಯುಪೆಲೋ ತಂಡದ 'ನೋ ಡಿಪ್ರೆಷನ್' ತಗೊಳ್ಳಿ. 1990ರ ರೆಕಾರ್ಡ್. ಇಲಿನಾಯ್‌ನ ಬೆಲ್‌ವಿಲ್‌ನ ಹುಡುಗರು ಮಾಡಿದ್ದು. ಅದರ ಹೆಸರನ್ನೇ ಒಂದು ಪತ್ರಿಕೆಗೆ ಇಟ್ಟುಕೊಂಡರು, ಇಡೀ ಪಂಥಕ್ಕೇ ಅದು ಗುರುತಾಯಿತು. 2003ರಲ್ಲಿ ಹೆಚ್ಚುವರಿ ಹಾಡುಗಳ ಜೊತೆ ಬಂತು. 2014ರಲ್ಲಿ ಇನ್ನೂ ದೊಡ್ಡದಾಗಿ ಬಂತು. ಎರಡೂ ಕೊಂಡವರಿದ್ದಾರೆ. 20 ವರ್ಷ, 25 ವರ್ಷ, 30 ವರ್ಷ ಅಂತ ಪ್ರತಿ ಸಲವೂ ನಮ್ಮ ಜೇಬಿಗೆ ಕೈ. ಇಲ್ಲಿಗೆ ತರಿಸಿದರೆ ಎಲ್‌ಪಿ ಬೆಲೆಗಿಂತ ಸಾಗಣೆ ಮತ್ತು ಸುಂಕವೇ ಹೊರೆ. ಯಾವುದು ಕೊಳ್ಳಬೇಕು, ಯಾವುದು ಬಿಡಬೇಕು ಅಂತ ಹೇಗೆ ತೀರ್ಮಾನಿಸೋದು?

ಸೂಜಿಮೊನೆ:
@ರಾತ್ರಿಪಾಳಿ ನ್ಯಾಯವಾದ ಪ್ರಶ್ನೆ. ನನ್ನ ಲೆಕ್ಕ ಹೀಗೆ. ಮೊದಲ ಸಲ ಯಾರ ಕಿವಿಗೂ ಸರಿಯಾಗಿ ತಲುಪದೇ ಹೋದದ್ದನ್ನು ಮತ್ತೆ ತಂದರೆ ಅದು ದೊಡ್ಡ ಉಪಕಾರ. ಎಲ್ಲರ ಹತ್ತಿರ ಇರೋದಕ್ಕೆ ನಾಲ್ಕು ಡೆಮೋ (ಕರಡು ರೆಕಾರ್ಡಿಂಗ್) ಅಂಟಿಸಿದರೆ ಅದು ಅಭಿಮಾನಿಗಳಿಗೆ ಮಾತ್ರ. ತಪ್ಪೇನಿಲ್ಲ, ಆದರೆ ನಾನು ಅಲ್ಲಿ ದುಡ್ಡು ಹಾಕೋದಿಲ್ಲ.

ಈಗ 'ಪೆಡಲ್ ಸ್ಟೀಲ್ + ಫೋರ್ ಕಾರ್ನರ್ಸ್'ಗೆ ಬರುತ್ತೇನೆ. 'ಪೆಡಲ್ ಸ್ಟೀಲ್' 1985ರದ್ದು, ಒಂದು ನೃತ್ಯ ತಂಡಕ್ಕೆ ಅಂತ ಮಾಡಿದ್ದು. ವೇಯ್ನ್ ಗೇಯ್ಲಿ ಅನ್ನೋ ಸ್ಟೀಲ್ ಗಿಟಾರ್ ವಾದಕನ ಬದುಕಿನಿಂದ ಹುಟ್ಟಿದ ಕಥೆ. ಮಿಕ್ಕ ನಾಲ್ಕು ರೇಡಿಯೋ ನಾಟಕಗಳು: 'ಟಾರ್ಸೋ ಹೆಲ್', 'ಬ್ಲೀಡರ್', 'ರೀಯೂನಿಯನ್', 'ಡಗೌಟ್'. 1986ರಿಂದ 1993ರೊಳಗೆ ಮಾಡಿದವು. ರೇಡಿಯೋದಲ್ಲಿ ಬಂದು ಹೋದದ್ದನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ? ಅವತ್ತು ರಾತ್ರಿ ಕೇಳಿದವರು ಕೇಳಿದರು, ಅಷ್ಟೇ. ಮೂರು ಸಿಡಿ, ಒಂದು ಎಲ್‌ಪಿ, ಒಂದು ಪುಸ್ತಕ ಸೇರಿಸಿ ಒಂದೇ ಕಡೆ ಸಿಗುವ ಹಾಗೆ ಮಾಡಿದರು. ಬೆಲೆ ಜಾಸ್ತಿಯೇ. ಆದರೆ ಇದು ಬಾರದೇ ಹೋಗಿದ್ದರೆ ನಮ್ಮಂಥವರಿಗೆ ಆ ದನಿಗಳು ಸಿಗುತ್ತಲೇ ಇರಲಿಲ್ಲ.

ದನಿ ಅಂದೆ ನೋಡಿ, ಟೆರಿಯ ಹೆಂಡತಿ ಜೋ ಹಾರ್ವಿ ಆಲನ್ ದನಿ ಕೇಳಬೇಕು. ಆಕೆ ನಟಿ, ನಾಟಕ ಬರೆಯುವವರು. ಡೇವಿಡ್ ಬರ್ನ್ 1986ರಲ್ಲಿ ಮಾಡಿದ 'ಟ್ರೂ ಸ್ಟೋರೀಸ್' ಸಿನಿಮಾದಲ್ಲಿ ಬಾಯಿ ತೆರೆದರೆ ಸುಳ್ಳೇ ಹೇಳುವ ಹೆಂಗಸು ಆಕೆಯೇ. 'ಬ್ಲೀಡರ್'ನಲ್ಲಿ ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವ ಒಬ್ಬ ಜೂಜುಗಾರನ ಕಥೆ ಹೇಳುತ್ತಾರೆ. ಪಕ್ಕದ ಮನೆಯ ಸುದ್ದಿ ಹೇಳಿದಷ್ಟು ಸಲೀಸಾಗಿ, ಅದೇ ಟೆಕ್ಸಾಸ್ ಎಳೆತದಲ್ಲಿ. ಹಿಂದೆ ಎಲ್ಲೋ ಸಂಗೀತ ಬಂದು ಹೋಗುತ್ತದೆ. ನೀವು ಅದನ್ನು ಗಮನಿಸೋದೇ ಇಲ್ಲ.

ತೋಟದಮನೆ:
ನಾನು ಈ ವಿಷಯಕ್ಕೆ ಹೊಸಬ. ಹಾಡಾದರೆ ಮಾತು ಅರ್ಥ ಆಗದಿದ್ದರೂ ರಾಗ ಹಿಡಿದುಕೊಂಡು ಹೋಗಬಹುದು. ಬರೀ ಮಾತಿನ ರೆಕಾರ್ಡ್ ಆದರೆ ಅಮೆರಿಕದ ಉಚ್ಚಾರಣೆ ನನಗೆ ಅರ್ಧ ಕೈಕೊಡುತ್ತದೆ. ಅಂಥವರು ಎಲ್ಲಿಂದ ಶುರು ಮಾಡಬೇಕು? ನಮ್ಮ ಕಡೆ ಗಮಕದಲ್ಲಿ ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರಲ್ಲ, ಆ ಥರ ಹಾಡು, ಮಾತು ಎರಡೂ ಇರೋದು ಯಾವುದಾದರೂ ಇದೆಯಾ?

ಜಯನಗರದ ಕೇಳುಗ:
@ತೋಟದಮನೆ ಇದೆ ಸಾರ್. ಡ್ರೈವ್-ಬೈ ಟ್ರಕ್ಕರ್ಸ್ ಅನ್ನೋ ತಂಡದ 'ಸದರ್ನ್ ರಾಕ್ ಆಪೆರಾ'. 2001ರಲ್ಲಿ ತಾವೇ ದುಡ್ಡು ಹೊಂದಿಸಿ ತಂದ ಜೋಡಿ ಆಲ್ಬಮ್, 2024ರಲ್ಲಿ ಡಿಲಕ್ಸ್ ಆಗಿ ಮತ್ತೆ ಬಂತು. ಅದರ ನಡುವೆ 'ದ ತ್ರೀ ಗ್ರೇಟ್ ಅಲಬಾಮಾ ಐಕನ್ಸ್' ಅನ್ನೋದು ಬರುತ್ತದೆ. ತಂಡದ ಪ್ಯಾಟರ್ಸನ್ ಹುಡ್ ಅಲ್ಲಿ ಹಾಡೋದಿಲ್ಲ, ಮಾತಾಡುತ್ತಾರೆ. ಗಿಟಾರ್ ಕೆಳಗೆ ಒಂದೇ ಸಮನೆ ಉರಿಯುತ್ತಿರುತ್ತದೆ. ಲಿನರ್ಡ್ ಸ್ಕಿನರ್ಡ್ ರಾಕ್ ತಂಡದ ಹಾಡುಗಾರ ರಾನಿ ವ್ಯಾನ್ ಜಾಂಟ್, ಫುಟ್‌ಬಾಲ್ ಕೋಚ್ ಬೇರ್ ಬ್ರಯಂಟ್, ಅಲಬಾಮಾದ ಗವರ್ನರ್ ಜಾರ್ಜ್ ವ್ಯಾಲೇಸ್. ಈ ಮೂವರ ನೆರಳಲ್ಲಿ ಬೆಳೆದ ಬಿಳಿಯ ಹುಡುಗನೊಬ್ಬ ತನ್ನ ಊರಿನ ವರ್ಣಭೇದದ ಇತಿಹಾಸದ ಎದುರು ನಿಂತು ಮಾತಾಡುತ್ತಾನೆ. ಅದರ ಮುಂದಿನ ಹಾಡು ವ್ಯಾಲೇಸ್ ಬಗ್ಗೆಯೇ. ಮೊದಲು ವಿವರಣೆ, ಆಮೇಲೆ ಹಾಡು. ನೀವು ಕೇಳಿದ್ದು ಇದೇ ಅಲ್ವಾ? ಹುಡ್ ನಿಧಾನವಾಗಿ, ಬಿಡಿಸಿ ಹೇಳುತ್ತಾರೆ, ಅರ್ಥ ಆಗುತ್ತದೆ.

ಆಸ್ಟಿನ್ ಕನ್ನಡತಿ:
@ತೋಟದಮನೆ ಇನ್ನೊಂದು ಸುಲಭದ್ದು: ರಿಚ್ಮಂಡ್ ಫಾಂಟೇನ್ ತಂಡದ 'ಪೋಸ್ಟ್ ಟು ವೈರ್'. ಹಾಡುಗಳ ನಡುವೆ ವಾಲ್ಟರ್ ಅನ್ನೋ ಒಬ್ಬ ಬರೆದ ಪೋಸ್ಟ್‌ಕಾರ್ಡ್‌ಗಳನ್ನು ಓದುತ್ತಾರೆ. ಚಿಕ್ಕವು. ಪ್ರತಿ ಕಾರ್ಡಿನಲ್ಲೂ ವಾಲ್ಟರ್ ಸ್ಥಿತಿ ಇನ್ನಷ್ಟು ಕೆಟ್ಟಿರುತ್ತದೆ. ಬರೆದವರು ವಿಲ್ಲಿ ವ್ಲಾಟಿನ್, ಈಗ ಹೆಸರಾಂತ ಕಾದಂಬರಿಕಾರ. ಆ ತಂಡ ಮುಗಿಸಿದ ಮೇಲೆ ಅವರು ಡಿಲೈನ್ಸ್ ಅನ್ನೋ ತಂಡಕ್ಕೆ ಹಾಡು ಬರೆಯುತ್ತಿದ್ದಾರೆ. 2025ರಲ್ಲಿ 'ಮಿಸ್ಟರ್ ಲಕ್ ಆಂಡ್ ಮಿಸ್ ಡೂಮ್' ಬಂದಿದೆ. ಹಾಡುವವರು ಏಮಿ ಬೂನ್. 2016ರಲ್ಲಿ ನಮ್ಮ ಆಸ್ಟಿನ್‌ನಲ್ಲೇ ಕಾರು ಡಿಕ್ಕಿ ಹೊಡೆದು ಅವರ ಕಾಲಿಗೆ ಭಾರಿ ಪೆಟ್ಟಾಯಿತು. 'ದ ಇಂಪೀರಿಯಲ್' ಆಲ್ಬಮ್ 2019ರವರೆಗೆ ಕಾದದ್ದು ಅದಕ್ಕೇ. ಏಮಿ ಗಂಟಲು ಏರಿಸೋದಿಲ್ಲ. ಎದುರಿಗೆ ಕೂತು ಹೇಳಿದ ಹಾಗೆ ಹಾಡುತ್ತಾರೆ.

ಕಡಲತಡಿ:
ತಡವಾಗಿ ಬಂದೆ. ಯಾರೂ ಜಾನ್ ಟ್ರೂಡೆಲ್ ಹೆಸರು ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಟ್ರೂಡೆಲ್ ಅಮೆರಿಕದ ಮೂಲನಿವಾಸಿ ಹೋರಾಟಗಾರ. 1969ರಲ್ಲಿ ಆಲ್ಕಟ್ರಾಜ್ ದ್ವೀಪವನ್ನು ಮೂಲನಿವಾಸಿಗಳು ವಶಕ್ಕೆ ತಗೊಂಡಾಗ ಅಲ್ಲಿಂದ ರೇಡಿಯೋದಲ್ಲಿ ಮಾತಾಡುತ್ತಿದ್ದವರು. ಅಂದರೆ ಮೊದಲಿಂದಲೂ ಅವರ ಆಯುಧ ದನಿಯೇ. 1979ರ ಫೆಬ್ರವರಿಯಲ್ಲಿ ನೆವಾಡಾದ ಅವರ ಮಾವನ ಮನೆಗೆ ಬೆಂಕಿ ಬಿತ್ತು. ಗರ್ಭಿಣಿ ಹೆಂಡತಿ ಟೀನಾ, ಮೂವರು ಮಕ್ಕಳು, ಅತ್ತೆ, ಎಲ್ಲರೂ ಹೋದರು. ಅದಕ್ಕೆ ಕೆಲವೇ ಗಂಟೆ ಮೊದಲು ಅವರು ವಾಷಿಂಗ್ಟನ್‌ನಲ್ಲಿ ಎಫ್‌ಬಿಐ ಕಚೇರಿ ಮುಂದೆ ಧ್ವಜ ಸುಟ್ಟಿದ್ದರು. ಬೆಂಕಿ ತಾನಾಗಿ ಬಿದ್ದದ್ದು ಅನ್ನೋದನ್ನು ಅವರು ಕೊನೆಯವರೆಗೂ ನಂಬಲಿಲ್ಲ. ಕವಿತೆ ಬರೆಯೋಕೆ ಶುರು ಮಾಡಿದ್ದು ಆ ಮೇಲೆ.

ಜೆಸ್ಸಿ ಎಡ್ ಡೇವಿಸ್ ಅನ್ನೋ ಕೈಯೋವಾ ಬುಡಕಟ್ಟಿನ ಗಿಟಾರ್ ವಾದಕ ಇವರಿಗೆ ಜೊತೆಯಾದರು. 1971ರಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶಕ್ಕಾಗಿ ನಡೆಸಿದ ಕಛೇರಿಯಲ್ಲಿ ಗಿಟಾರ್ ನುಡಿಸಿದವರಲ್ಲಿ ಈ ಡೇವಿಸ್ ಒಬ್ಬರು. ಇಬ್ಬರೂ ಸೇರಿ 1986ರಲ್ಲಿ 'ಎ.ಕೆ.ಎ. ಗ್ರಾಫಿಟಿ ಮ್ಯಾನ್' ಮಾಡಿದರು. ಕ್ಯಾಸೆಟ್ಟಿನಲ್ಲಿ ಮಾತ್ರ ಬಂತು, ಕೈಯಿಂದ ಕೈಗೆ ಹೋಯಿತು. ಬಾಬ್ ಡಿಲನ್ ಅದನ್ನು ಆ ವರ್ಷದ ಅತ್ಯುತ್ತಮ ಆಲ್ಬಮ್ ಅಂದರು. 1988ರಲ್ಲಿ ಡೇವಿಸ್ ತೀರಿಕೊಂಡರು. 1992ರಲ್ಲಿ ಹಾಡುಗಾರ ಜಾಕ್ಸನ್ ಬ್ರೌನ್ ನೆರವಿನಿಂದ ಅದಕ್ಕೆ ಹೊಸ ರೂಪ ಕೊಟ್ಟು ದೊಡ್ಡದಾಗಿ ಬಿಡುಗಡೆ ಮಾಡಿದರು. ಹೆಚ್ಚಿನವರಿಗೆ ಟ್ರೂಡೆಲ್ ಸಿಕ್ಕಿದ್ದು ಹಾಗೆ.

ಅವರು ಹಾಡೋದೇ ಇಲ್ಲ. ಸ್ವಲ್ಪವೂ ಏರಿಳಿತವಿಲ್ಲದ ದನಿ. ಹಿಂದೆ ಕ್ವಿಲ್ಟ್‌ಮ್ಯಾನ್ ಅನ್ನೋ ಹಾಡುಗಾರ ತಮ್ಮ ಬುಡಕಟ್ಟಿನ ಹಾಡನ್ನು ಎತ್ತುತ್ತಾರೆ. ಡೇವಿಸ್ ಗಿಟಾರ್ ಎರಡರ ನಡುವೆ ಸುಳಿಯುತ್ತದೆ. ಆ ದನಿ ಯಾಕೆ ಅಷ್ಟು ಸಮ ಇದೆ ಅಂತ ಬೆಂಕಿಯ ಕಥೆ ಗೊತ್ತಾದ ಮೇಲೆ ನನಗೆ ತಿಳಿಯಿತು. ಟ್ರೂಡೆಲ್ 2015ರ ಡಿಸೆಂಬರ್‌ನಲ್ಲಿ ಹೋದರು. @ರಾತ್ರಿಪಾಳಿ ಅವರೇ, ಕ್ಯಾಸೆಟ್ಟಿನಲ್ಲೇ ಉಳಿದುಬಿಟ್ಟಿದ್ದರೆ ಇದು ನಮ್ಮವರೆಗೆ ಬರುತ್ತಿತ್ತಾ?

ರಾತ್ರಿಪಾಳಿ:
ಇಲ್ಲ, ಬರುತ್ತಿರಲಿಲ್ಲ. ಇಂಥದ್ದಕ್ಕೆ ನನ್ನ ತಕರಾರೇ ಇಲ್ಲ. ಇವತ್ತೇ ಹುಡುಕಿ ಕೇಳುತ್ತೇನೆ.

ಆದರೆ ಇನ್ನೊಂದು ಬಗೆ ಇದೆ: ಹಳೇ ಆಲ್ಬಮ್ಮನ್ನು ಪೂರ್ತಿ ಹೊಸದಾಗಿ ಹಾಡೋದು. ಲೂಸಿಂಡಾ 1992ರ 'ಸ್ವೀಟ್ ಓಲ್ಡ್ ವರ್ಲ್ಡ್' ಅನ್ನು 2017ರಲ್ಲಿ ಮತ್ತೆ ರೆಕಾರ್ಡ್ ಮಾಡಿದರು. ನನಗೆ ಹಳೆಯದೇ ಬೇಕು. ತೀರಿಹೋದ ಗೆಳೆಯನ ಬಗ್ಗೆ ಎಳೆ ದನಿಯಲ್ಲಿ ಹಾಡಿದ್ದರಲ್ಲ, ಅದರಲ್ಲಿದ್ದ ಬೆರಗು ಹೊಸದರಲ್ಲಿಲ್ಲ.

ಆಸ್ಟಿನ್ ಕನ್ನಡತಿ:
ಇಲ್ಲಿ ನಾನು ಒಪ್ಪೋದಿಲ್ಲ. ಸಾವಿನ ಬಗ್ಗೆ ಮೂವತ್ತೊಂಬತ್ತರಲ್ಲಿ ಹಾಡೋದೇ ಬೇರೆ, ಅರವತ್ತು ದಾಟಿದ ಮೇಲೆ, ಅಪ್ಪನನ್ನು ಕಳಕೊಂಡ ಮೇಲೆ ಹಾಡೋದೇ ಬೇರೆ. ಒಂದು ಹಾಡಿನ ಸಾಲುಗಳನ್ನು ಬದಲಿಸಿ ಹೆಸರನ್ನೂ ಬದಲಿಸಿದ್ದಾರೆ. ಹಳೆಯದನ್ನು ಅಳಿಸಿಲ್ಲವಲ್ಲ, ಎರಡೂ ಇವೆ. ಕವಿ ತನ್ನ ಹಳೇ ಕವಿತೆಯನ್ನು ವೇದಿಕೆಯಲ್ಲಿ ಮತ್ತೆ ಓದಿದರೆ ಬೇಡ ಅನ್ನುತ್ತೀವಾ?

ಹಾಡುಗಾರ ಸ್ಟೀವ್ ಅರ್ಲ್ ಮಾಡಿದ್ದು ಇನ್ನೂ ಕಷ್ಟದ್ದು. ಮಗ ಜಸ್ಟಿನ್ ಟೌನ್ಸ್ ಅರ್ಲ್ 2020ರ ಆಗಸ್ಟ್‌ನಲ್ಲಿ ತೀರಿಕೊಂಡ. 2021ರ ಜನವರಿ 4, ಮಗನ ಹುಟ್ಟುಹಬ್ಬದ ದಿನ, ಅಪ್ಪ 'ಜೆ.ಟಿ.' ಬಿಡುಗಡೆ ಮಾಡಿದರು. ಹತ್ತು ಹಾಡು ಮಗನವು. ಕೊನೆಯ ಒಂದು ಮಾತ್ರ ಅಪ್ಪ ಬರೆದದ್ದು, ಮಗನ ಜೊತೆ ಆಡಿದ ಕೊನೆಯ ಮಾತಿನ ಬಗ್ಗೆ. ನಾನು ಅದನ್ನು ಅಡುಗೆಮನೆಯಲ್ಲಿ ಹಾಕೋದಿಲ್ಲ. ಕೂತೇ ಕೇಳಬೇಕು.

ರಾತ್ರಿಪಾಳಿ:
ನಿಮ್ಮ ಮಾತಿನಲ್ಲಿ ಸತ್ಯ ಇದೆ ಮೇಡಂ. 'ಸ್ವೀಟ್ ಓಲ್ಡ್ ವರ್ಲ್ಡ್' ಬಗ್ಗೆ ಮಾತ್ರ ನಾನು ಹಳೆಯದರ ಕಡೆಗೇ.

ಸೂಜಿಮೊನೆ:
ಹೊಸ ರೆಕಾರ್ಡ್‌ಗಳ ಮಾತು ಕಡಿಮೆ ಆಯಿತು. ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಅನ್ನೋ ಹಾಡುಗಾರ ಜೋಡಿ ಬಗ್ಗೆ ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ. ಎಲ್‌ಪಿ ಅಚ್ಚು ಹಾಕುವ ಮೊದಲು ಲ್ಯಾಕರ್ ಅನ್ನೋ ಮೃದುವಾದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ಇವರಿಬ್ಬರಿಗೆ ಹೊರಗಿನವರ ಕೆಲಸ ಒಪ್ಪಿಗೆಯಾಗಲಿಲ್ಲ. ಕೊರೆಯುವ ಯಂತ್ರವನ್ನೇ ಕೊಂಡರು. 2011ರ 'ದ ಹ್ಯಾರೋ ಆಂಡ್ ದ ಹಾರ್ವೆಸ್ಟ್' ವಿನೈಲ್‌ನಲ್ಲಿ ಬಂದದ್ದು 2017ರಲ್ಲಿ! ಅಷ್ಟು ವರ್ಷ ಕಾದರು, ಯಾಕಂದರೆ ಟೇಪಿನಲ್ಲಿರೋದು ತಟ್ಟೆಯ ಮೇಲೂ ಹಾಗೇ ಕೇಳಬೇಕಿತ್ತು. ಆ ಎಲ್‌ಪಿಯಲ್ಲಿ ಹೆಚ್ಚಿನ ಕಡೆ ಎರಡು ಗಿಟಾರ್, ಎರಡು ದನಿ. ರಾಲಿಂಗ್ಸ್ ಬೆರಳು ತಂತಿ ಬಿಡುವ ಸದ್ದೂ ಸಿಗುತ್ತದೆ.

2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೋ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಯಿತು. ಜಗತ್ತಿನಲ್ಲಿ ಲ್ಯಾಕರ್ ತಯಾರಿಸುತ್ತಿದ್ದ ಎರಡೇ ಕಾರ್ಖಾನೆಗಳಲ್ಲಿ ಅದು ಒಂದು, ಇನ್ನೊಂದು ಜಪಾನಿನಲ್ಲಿ. ತಿಂಗಳು ತುಂಬುವ ಮೊದಲೇ, ಮಾರ್ಚ್ 3ರಂದು ನಡುರಾತ್ರಿ ದಾಟಿದ ಮೇಲೆ ನ್ಯಾಶ್‌ವಿಲ್‌ಗೆ ಸುಂಟರಗಾಳಿ ಬಂತು. ಇವರ ವುಡ್‌ಲ್ಯಾಂಡ್ ಸ್ಟುಡಿಯೋದ ಚಾವಣಿ ಹಾರಿಹೋಯಿತು. ಮಳೆ ಒಳಗೇ ಸುರಿಯುತ್ತಿತ್ತು. ಕತ್ತಲಲ್ಲಿ ಇಬ್ಬರೂ ಟೇಪುಗಳನ್ನು ಹೊತ್ತು ಸಾಗಿಸಿದರು. ಅದೇ ವರ್ಷ 'ಬೂಟ್ಸ್ ನಂ. 2' ಅಂತ ಮೂರು ಭಾಗಗಳಲ್ಲಿ 48 ಹಾಡು ಹೊರಗೆ ಬಿಟ್ಟರು. ಹಿಂದೆ ರೆಕಾರ್ಡ್ ಮಾಡಿ ಹಾಗೇ ಇಟ್ಟಿದ್ದವು, ನೀರಿಗೆ ಹೋಗಬೇಕಿದ್ದವು. ಆಮೇಲೆ ವರ್ಷಗಟ್ಟಲೆ ಕಟ್ಟಡ ರಿಪೇರಿ. 2024ರ ಆಗಸ್ಟ್‌ನಲ್ಲಿ ಹೊಸ ಆಲ್ಬಮ್ ಬಂತು, ಹೆಸರು 'ವುಡ್‌ಲ್ಯಾಂಡ್'. ಹತ್ತೇ ಹಾಡು. ಮುಂದಿನ ವರ್ಷ ಅದಕ್ಕೆ ಗ್ರ್ಯಾಮಿಯೂ ಸಿಕ್ಕಿತು. ರಿಪೇರಿಯಾದ ಕೋಣೆಯಲ್ಲೇ ರೆಕಾರ್ಡ್ ಮಾಡಿದ್ದಾರೆ. ಅಲ್ಲಲ್ಲಿ ತಂತಿವಾದ್ಯಗಳು, ಡ್ರಮ್ ಬಂದರೂ ಕಿವಿ ಹೋಗೋದು ಆ ಎರಡು ದನಿಗಳ ಕಡೆಗೇ.

ಕಡಲತಡಿ:
ಹೊಸದರಲ್ಲಿ ಲಾರೀ ಆಂಡರ್ಸನ್ ಅವರ 'ಅಮೇಲಿಯಾ' ಕೂಡ ಸೇರಿಸಿ. 2024ರದ್ದು. 1937ರಲ್ಲಿ ಭೂಮಿ ಸುತ್ತೋಕೆ ಹೊರಟು ಕಣ್ಮರೆಯಾದ ವಿಮಾನ ಚಾಲಕಿ ಅಮೇಲಿಯಾ ಇಯರ್‌ಹಾರ್ಟ್ ಅವರ ಕೊನೆಯ ಹಾರಾಟದ ಕಥೆ. ಚಿಕ್ಕ ಚಿಕ್ಕ ತುಣುಕುಗಳು, ಹಿಂದೆ ಆರ್ಕೆಸ್ಟ್ರಾ. ಇಂಜಿನ್ ಸದ್ದಿನ ನಡುವೆ ಲಾರೀ ದನಿ ಕಿವಿಯ ಹತ್ತಿರವೇ ಇರುತ್ತದೆ. ಕವಿ, ಹಾಡುಗಾರ್ತಿ ಪ್ಯಾಟಿ ಸ್ಮಿತ್ ಅವರ 'ಹಾರ್ಸಸ್' ಕೂಡ 50 ವರ್ಷಕ್ಕೆ 2025ರಲ್ಲಿ ಮತ್ತೆ ಬಂದಿದೆ. ಅದು ಗೊತ್ತಿಲ್ಲದವರು ಕಡಿಮೆ, ಹಾಗಾಗಿ ಹೆಚ್ಚು ಬರೆಯೋದಿಲ್ಲ.

ಜಯನಗರದ ಕೇಳುಗ:
ಇಷ್ಟೆಲ್ಲ ಆದ ಮೇಲೆ ಬೇರಿನ ಕಡೆಗೂ ಒಮ್ಮೆ ಹೋಗಲೇಬೇಕು. ಹ್ಯಾಂಕ್ ವಿಲಿಯಮ್ಸ್ 1950ರಿಂದ 'ಲೂಕ್ ದ ಡ್ರಿಫ್ಟರ್' ಅನ್ನೋ ಇನ್ನೊಂದು ಹೆಸರಲ್ಲಿ ಬರೀ ಮಾತಿನ ರೆಕಾರ್ಡ್‌ಗಳನ್ನು ಮಾಡುತ್ತಿದ್ದರು. ಬೇರೆ ಹೆಸರು ಯಾಕೆ ಅಂದರೆ, ಆಗ ಜೂಕ್‌ಬಾಕ್ಸ್ (ಕಾಸು ಹಾಕಿದರೆ ಹಾಡು ಬರುವ ಯಂತ್ರ) ನಡೆಸುವವರು ಹ್ಯಾಂಕ್ ಹೆಸರು ಕಂಡರೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಬಾರಿನಲ್ಲಿ ಕುಣಿಯೋಕೆ ಬಂದವರಿಗೆ ಉಪದೇಶದ ಮಾತು ಕೇಳಿಸಿದರೆ ವ್ಯಾಪಾರ ಕೆಡುತ್ತದೆ ಅನ್ನೋ ಭಯ. ಹ್ಯಾಂಕ್‌ಗೆ ಆ ಮಾತುಗಳೂ ಬೇಕಿದ್ದವು, ಬಿಡಲಿಲ್ಲ. ಹಿಂದೆ ಸ್ಟೀಲ್ ಗಿಟಾರ್ ಮೆಲ್ಲಗೆ ನಡೆಯುತ್ತಿರುತ್ತದೆ. ಕಂಟ್ರಿ ಮತ್ತು ಸ್ಪೋಕನ್ ವರ್ಡ್ ಬೇರೆ ಬೇರೆ ಅನ್ನುವವರಿಗೆ ನಾನು ಮೊದಲು ಕೇಳಿಸೋದು ಇವನ್ನೇ.

ತೋಟದಮನೆ:
ನೀವೆಲ್ಲ ಹೇಳಿದ್ದನ್ನು ಪಟ್ಟಿ ಮಾಡಿಕೊಂಡು ಕೇಳುತ್ತಿದ್ದೇನೆ. 'ಅಲಬಾಮಾ ಐಕನ್ಸ್' ಪೂರ್ತಿ ಅರ್ಥ ಆಯಿತು, ತುಂಬಾ ಹಿಡಿಸಿತು. ಅದಾದ ಮೇಲೆ ಧೈರ್ಯ ಮಾಡಿ ಟೆರಿ ಆಲನ್‌ರ 'ಡಗೌಟ್' ಹಾಕಿದೆ. ಅಪ್ಪ ಬೇಸ್‌ಬಾಲ್ ಆಟಗಾರ, ಅಮ್ಮ ಪಿಯಾನೋ ನುಡಿಸುವವಳು, ಇಬ್ಬರಿಗೂ ವಯಸ್ಸಿನಲ್ಲಿ ಭಾರಿ ಅಂತರ. ಇಷ್ಟು ಸಿಕ್ಕಿತು. ನಡುನಡುವೆ ತಪ್ಪಿಹೋಯಿತು. ಇದು ಅವರ ಸ್ವಂತ ಅಪ್ಪ ಅಮ್ಮನ ಕಥೆಯಾ?

ಸೂಜಿಮೊನೆ:
@ತೋಟದಮನೆ ಬಹುಪಾಲು ಹೌದು. ಅಪ್ಪ ಸ್ಲೆಡ್ ಆಲನ್ 1910ರಲ್ಲಿ ಸೇಂಟ್ ಲೂಯಿ ಬ್ರೌನ್ಸ್ ತಂಡಕ್ಕೆ ಆಡಿದವರು. ಟೆರಿ ಹುಟ್ಟುವಾಗ ಅವರಿಗೆ ಐವತ್ತು ದಾಟಿತ್ತು. ಆಮೇಲೆ ಲಬಕ್‌ನಲ್ಲಿ ಕುಸ್ತಿ, ಡ್ಯಾನ್ಸು, ಸಂಗೀತ ಕಾರ್ಯಕ್ರಮ ನಡೆಸುತ್ತಿದ್ದರು. ಟೆರಿ ಹುಡುಗನಾಗಿ ಇದನ್ನೆಲ್ಲ ಅಲ್ಲೇ ನಿಂತು ನೋಡಿದವರು. ಅಪ್ಪ 1959ರಲ್ಲಿ ಹೋದರು, ಮಗ ಇನ್ನೂ ಹದಿಹರೆಯದಲ್ಲಿದ್ದಾಗಲೇ. ಅವರ ಮಾತು, ಅವರ ಕಾಲ ಎಲ್ಲ ಮಗನ ಕಿವಿಯಲ್ಲಿ ಉಳಿದದ್ದು, ಕೊನೆಗೆ ರೇಡಿಯೋ ನಾಟಕವಾಯಿತು.

ಎರಡನೇ ಸಲ ಕೇಳುವಾಗ ಪುಸ್ತಕ ಪಕ್ಕದಲ್ಲಿ ಇಟ್ಟುಕೊಳ್ಳಿ. ಒಂದೇ ಉಸಿರಿಗೆ ಮುಗಿಸಬೇಡಿ. ಆಮೇಲೆ 'ಹ್ವಾರೆಸ್' ಕೇಳಿ, ಅದಾದ ಮೇಲೆ 'ರೀಯೂನಿಯನ್'. ಆ ನಾಲ್ಕು ಪಾತ್ರಗಳು ಅಲ್ಲಿ ಮತ್ತೆ ಬರುತ್ತವೆ, ಈ ಕ್ರಮದಲ್ಲೇ ಕೇಳಿದರೆ ಚೆನ್ನ. ಎಲ್ಲಿ ಸಿಕ್ಕಿಕೊಂಡರೂ ಇಲ್ಲೇ ಬರೆಯಿರಿ.